ನಾನು ಮುಚ್ಚಿಟ್ಟ ಕೆಂಪು ಡಬ್ಬಿ

ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಅರವತ್ತೊಂದು ಪುಟ್ಟ ಚಿತ್ರಗಳಿವೆ. ಒಂದೊಂದೂ ಅಂಚೆಚೀಟಿಯಷ್ಟು. ಒಂದೊಂದರ ಕೆಳಗೂ ಕನ್ನಡದಲ್ಲಿ ಒಂದು ಹೆಸರು: ಜ್ವಾಳದ ತೆನಿ, ಹುಣಸಿ ಹೂ, ಗಿಣಿಮೂಗು, ಸಣ್ಣ ಸೊಸಿ, ಮುನವಳ್ಳಿ ಹಾದಿ. ದೊಡ್ಡದು ಮಾಡಿ ನೋಡೋಣವೆಂದರೆ ಗೆರೆಗಳೆಲ್ಲ ಕಲಸಿಹೋಗಿ ಮಸಕು ಬಣ್ಣ ಮಾತ್ರ ಕಾಣುತ್ತದೆ. ರಾಮದುರ್ಗದ ಒಬ್ಬ ನೇಕಾರರು ನಲವತ್ತು ವರ್ಷ ಕೂತು ಬರೆದ ಸೀರೆ ದಡಿಗಳ ನಕ್ಷೆಗಳಲ್ಲಿ ಈಗ ಉಳಿದಿರುವುದು ಇಷ್ಟು. ಮಿಕ್ಕದ್ದನ್ನು ಕಳೆದವಳು ನಾನು. ಅವರು ನನ್ನ ಗೆಳತಿಯ ಅಪ್ಪ. ಆ ಗೆಳತಿ ಈಗ ನನ್ನ ಸಂಗಡ ಮಾತು ಬಿಟ್ಟಿದ್ದಾಳೆ.

ನಾನು ಬೈಲಹೊಂಗಲದವಳು, ಕಿತ್ತೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಅವಳು ರಾಮದುರ್ಗದಲ್ಲಿ ಒಂದು ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತಾಳೆ. ಡಿಪ್ಲೊಮಾ ಓದುವಾಗ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವರು. ನಾನು ಬಾಯಿಬಡುಕಿ, ಅವಳು ಹತ್ತು ಮಾತಿಗೆ ಒಂದು ಮಾತು. ಅವಳ ಲೆಕ್ಕದಲ್ಲಿ ಸಿ ಪ್ಲಸ್ ಪ್ಲಸ್ ಬಿಟ್ಟು ಬೇರೆ ಭಾಷೆಯಲ್ಲಿ ಬರೆದದ್ದು ಪ್ರೋಗ್ರಾಮೇ ಅಲ್ಲ. ನನಗೆ ಪೈಥಾನ್ ಸಾಕು. ಬೇಗ ಬರೆಯಬೇಕು, ಬೇಗ ಪರದೆಯ ಮೇಲೆ ಕಾಣಬೇಕು, ನೋಡಿದವರು ವಾಹ್ ಅನ್ನಬೇಕು. ಈ ಕೊನೆಯ ಚಟವೇ ನನಗೆ ಮುಳುವಾಯಿತು.

ಅವಳ ಅಪ್ಪನನ್ನು ನಾನು ಕಾಕಾ ಅನ್ನುತ್ತಿದ್ದೆ. ಜಾಕಾರ್ಡ್ ಮಗ್ಗದಲ್ಲಿ ಸೀರೆಯ ದಡಿಗೆ ಚಿತ್ತಾರ ಬರಬೇಕಾದರೆ ಮೊದಲು ಅದನ್ನು ಚೌಕುಳಿ ಕಾಗದದ ಮೇಲೆ ಬರೆಯಬೇಕು. ಒಂದೊಂದು ಚೌಕುಳಿಯೂ ಒಂದು ಎಳೆ. ತುಂಬಿದ ಚೌಕುಳಿ ಇದ್ದಲ್ಲಿ ಎಳೆ ಮೇಲೇಳುತ್ತದೆ, ಖಾಲಿ ಇದ್ದಲ್ಲಿ ಕೆಳಗೆ ಉಳಿಯುತ್ತದೆ. ಆ ನಕ್ಷೆ ನೋಡಿಕೊಂಡು ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯುತ್ತಾರೆ, ಪಟ್ಟಿ ಮಗ್ಗಕ್ಕೆ ಏರುತ್ತದೆ. ಕಾಕಾ ಚೌಕುಳಿಗೆ ಮನಿ ಅನ್ನುತ್ತಿದ್ದರು. ಒಂದು ಮನಿ ತಪ್ಪಿದರೆ ಇಡೀ ಸೀರೆಯ ಉದ್ದಕ್ಕೂ ಆ ತಪ್ಪು ಸಾವಿರ ಸಲ ಕಾಣುತ್ತದೆ. ಅವರ ನಕ್ಷೆಯಲ್ಲಿ ತಪ್ಪು ಮನಿ ಇತ್ತೆಂದು ಯಾರೂ ಹೇಳಿದ್ದು ನಾನು ಕೇಳಿಲ್ಲ.

ನಾಲ್ಕು ವರ್ಷದ ಹಿಂದೆ ಅವರ ಕೈ ನಡುಗತೊಡಗಿತು. ಬರೆಯುವುದು ನಿಂತಿತು. ಮಗ್ಗ ಮಾರಿದಾಗಲೇ ರಟ್ಟಿನ ಪಟ್ಟಿಗಳೂ ಹೋಗಿದ್ದವು. ಉಳಿದದ್ದು ಟ್ರಂಕಿನ ತುಂಬ ಕಾಗದ, ಅದನ್ನೂ ಗೆದ್ದಲು ಮೂಸಿತ್ತು. ಆಗ ಗೆಳತಿ ನನಗೆ ಫೋನ್ ಮಾಡಿದಳು.

"ಅಪ್ಪನ ಕಾಗದಾ ಒಳಗ ಹಾಕೂ ಹಂಗ ಒಂದು ಪ್ರೋಗ್ರಾಮ್ ಮಾಡೂಣು. ಹಾಕಿದ್ದು ಹೊಳ್ಳಿ ತಗದು ನೇಯಾಕ ಬರಬೇಕು. ಹಿಂದಿನ ಕೆಲಸ ನಾ ಮಾಡತೇನಿ, ಮುಂದಿಂದು ನೀ ಮಾಡು."

ಇಷ್ಟುದ್ದದ ಮಾತು ಅವಳ ಬಾಯಿಂದ ಬಂದದ್ದಕ್ಕೇ ನಾನು ಒಪ್ಪಿಕೊಂಡೆ.

ಸವದತ್ತಿ ನಮ್ಮಿಬ್ಬರಿಗೂ ಹೆಚ್ಚು ಕಡಿಮೆ ನಡುವಿನ ಊರು. ಅಲ್ಲಿ ನಮ್ಮ ಸಂಬಂಧಿಕರ ಅಂಗಡಿಯ ಮೇಲೆ ಒಂದು ಖಾಲಿ ಕೋಣೆ ಇತ್ತು. ಭಾನುವಾರ ಬೆಳಿಗ್ಗೆ ನಾನು ಈ ಕಡೆಯಿಂದ, ಅವಳು ಆ ಕಡೆಯಿಂದ ಬಂದು ಸೇರುತ್ತಿದ್ದೆವು. ಹುಣ್ಣಿಮೆ ಹತ್ತಿರದ ಭಾನುವಾರ ಮಾತ್ರ ಬಿಡುತ್ತಿದ್ದೆವು, ದೇವಿಯ ಗುಡ್ಡಕ್ಕೆ ಹೋಗುವವರಿಂದ ಬಸ್ಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಅವಳು ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ತರುತ್ತಿದ್ದಳು. ನಾನು ಪಲ್ಯ ತರುತ್ತೇನೆಂದು ಹೇಳಿ ಅರ್ಧ ಸಲ ಮರೆತು ಬರುತ್ತಿದ್ದೆ. "ಉಣ್ಣಲೇ ಮೊದಲ, ಆಮ್ಯಾಲ ವದರು" ಎಂದು ಅವಳು ನನ್ನ ಮುಂದೆ ರೊಟ್ಟಿ ಇಡುತ್ತಿದ್ದಳು. ನನ್ನ ಬದುಕಿನ ಒಳ್ಳೆಯ ಭಾನುವಾರಗಳು ಅವು.

ಮೊದಲು ನಾನು ಎಲ್ಲವನ್ನೂ ಪೈಥಾನಿನಲ್ಲೇ ಬರೆದು ತಂದಿದ್ದೆ. ಕಿಟಕಿ ಚೆಂದ ಇತ್ತು, ಗುಂಡಿಗಳು ಚೆಂದ ಇದ್ದವು. ಸ್ಕ್ಯಾನ್ ಮಾಡಿದ ನಕ್ಷೆಯ ಮನೆಗಳನ್ನು ಎಣಿಸು ಎಂದು ಹೇಳಿದ ಕೂಡಲೇ ಕಿಟಕಿ ಬೆಳ್ಳಗಾಗಿ ಕೂತಿತು. ಚಹಾ ಕುಡಿದು ಬಂದರೂ ಎಣಿಕೆ ಮುಗಿದಿರಲಿಲ್ಲ. ಅವಳು ಅದೇ ಎಣಿಕೆಯನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದಳು, ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮುಗಿಯಿತು. ಆದರೆ ಅವಳು ಮಾಡಿದ ಪರದೆಯಲ್ಲಿ ಒಂದೇ ಗುಂಡಿ, ಅದೂ ಮೂಲೆಯಲ್ಲಿ. ಹಾಗಾಗಿ ಒಪ್ಪಂದವಾಯಿತು: ಕಣ್ಣಿಗೆ ಕಾಣುವುದೆಲ್ಲ ನನ್ನ ಭಾಷೆಯಲ್ಲಿ, ಎಣಿಸುವುದು ಮತ್ತು ಕಡತದಲ್ಲಿ ಬರೆದಿಡುವುದು ಅವಳ ಭಾಷೆಯಲ್ಲಿ; ಅವಳ ಭಾಗವನ್ನು ಎಂಜಿನ್ನು ಅನ್ನುತ್ತಿದ್ದೆವು. ನಡುವೆ ಎರಡನ್ನೂ ಸೇರಿಸುವ ಒಂದಷ್ಟು ಸಾಲಿನ ಕೋಡ್. ಅದನ್ನು ಬರೆಯುವುದು ನನ್ನ ಪಾಲಿಗೆ ಬಂತು.

ಎರಡು ಭಾಷೆ ಕೂಡಿ ಸಂಸಾರ ಮಾಡುವಾಗ ಜಗಳವೆಲ್ಲ ಆ ನಡುವಿನ ಜಾಗದಲ್ಲೇ. ಅವಳ ಕಡೆ ಹಿಡಿದ ಮೆಮೊರಿಯನ್ನು ಅವಳ ಕಡೆಯೇ ಬಿಡಬೇಕು, ನನ್ನ ಕಡೆ ಹಿಡಿದದ್ದನ್ನು ನಾನೇ ಬಿಡಬೇಕು. ಅದಲು ಬದಲಾದರೆ ಪ್ರೋಗ್ರಾಮ್ ಸತ್ತು ಬೀಳುತ್ತದೆ. ತಂದವರೇ ತೆಗೆಯಬೇಕು ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಇಟ್ಟಿದ್ದೆವು. ಈ ನಿಯಮ ನನಗೆ ಎಷ್ಟು ಹಿಡಿಸಿತೆಂದರೆ ಮೆಮೊರಿಗೆ ಮಾತ್ರವಲ್ಲ, ಸ್ಕ್ಯಾನ್ ಮಾಡಿದ ಚಿತ್ರಗಳಿಗೂ ಹಚ್ಚಿದೆ. ಲ್ಯಾಪ್‌ಟಾಪಿನಲ್ಲಿ ಜಾಗ ಕಡಿಮೆ ಇತ್ತು. ನಕ್ಷೆ ಒಳಗೆ ಹೋಯಿತೆಂದ ಮೇಲೆ ಸ್ಕ್ಯಾನ್ ಚಿತ್ರ ಯಾಕೆ ಬೇಕು ಎಂದು ಅದನ್ನು ನನ್ನ ಪ್ರೋಗ್ರಾಮೇ ಅಳಿಸುವ ಹಾಗೆ ಮಾಡಿದೆ. ಬಹಳ ಅಚ್ಚುಕಟ್ಟು ಹೆಂಗಸು ನಾನು ಎಂದು ಬೀಗಿದ್ದೆ.

ಅವಳ ಕಡೆಯ ಪ್ರತಿ ಕೆಲಸವೂ ಮುಗಿದಾಗ ಒಂದು ಅಂಕಿಯನ್ನು ನನ್ನ ಕಡೆಗೆ ಕಳಿಸುತ್ತಿತ್ತು. ಸೊನ್ನೆ ಬಂದರೆ ಎಲ್ಲ ಸರಿ. ಬೇರೆ ಯಾವ ಅಂಕಿ ಬಂದರೂ ಏನೋ ತಪ್ಪಾಗಿದೆ ಎಂದರ್ಥ. ತಪ್ಪು ಅಂಕಿ ಬಂದಾಗ ಪರದೆಯ ಮೇಲೆ ಕೆಂಪು ಚೌಕಟ್ಟಿನಲ್ಲಿ ಇಂಗ್ಲಿಷ್ ಒಕ್ಕಣೆ ಬರುವಂತೆ ನಾನು ಮಾಡಿದ್ದೆ.

ಒಂದು ಭಾನುವಾರ ಕಾಕಾನೂ ಮಗಳ ಜೊತೆ ಸವದತ್ತಿಗೆ ಬಂದರು. ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು, ಕಾಗದದ ಸುರುಳಿಯನ್ನು ಎದೆಗವಚಿಕೊಂಡು ಬಂದಿದ್ದರು. ಮೌಸ್ ಹಿಡಿಸಿದೆ. ಮೊದಲನೇ ಕಾಗದವನ್ನು ಸ್ಕ್ಯಾನರಿನಲ್ಲಿ ಸೊಟ್ಟಗೆ ಇಟ್ಟಿದ್ದರು, ಅವಳ ಎಂಜಿನ್ನಿಗೆ ಮನೆಗಳು ಸಿಗಲಿಲ್ಲ, ನನ್ನ ಕೆಂಪು ಚೌಕಟ್ಟು ಟಣ್ ಎಂದು ಎದ್ದು ನಿಂತಿತು. ಕಾಕಾ ಕಾದ ಹಂಚು ಮುಟ್ಟಿದವರಂತೆ ಕೈ ಹಿಂದೆ ತೆಗೆದರು.

"ನಾ ಏನರ ಕೆಡಿಸಿದ್ನೇನವಾ?"

"ಏನಿಲ್ರಿ ಕಾಕಾ, ಕಾಗದಾ ವಾರಿ ಆಗೇತಿ ಅಷ್ಟ. ಮತ್ತೊಮ್ಮೆ ಇಡ್ರಿ."

"ಬ್ಯಾಡವಾ. ಅದು ಸಿಟ್ಟಿಗೆದ್ದೈತಿ. ನೀವ ಮಾಡ್ರಿ."

ಎದ್ದು ಹೋಗಿ ಮೆಟ್ಟಿಲ ಮೇಲೆ ಕೂತರು. ಮುಂದಿನ ಎರಡು ಭಾನುವಾರ ಬಂದರೂ ಕಂಪ್ಯೂಟರ್ ಇದ್ದ ಮೂಲೆಗೆ ಬರಲಿಲ್ಲ. "ಆ ಕೆಂಪು ಡಬ್ಬಿ ಮತ್ತ ಬರತೈತೇನು?" ಎಂದು ದೂರದಿಂದ ಕೇಳುತ್ತಿದ್ದರು. ನಲವತ್ತು ವರ್ಷ ತಪ್ಪು ಮಾಡದ ಮನುಷ್ಯ ಒಂದು ಕೆಂಪು ಚೌಕಟ್ಟಿಗೆ ಕಳ್ಳನ ಹಾಗೆ ಮುದುಡಿದ್ದನ್ನು ನನಗೆ ನೋಡಲಾಗಲಿಲ್ಲ. ನನ್ನ ಪರದೆ ಅವರನ್ನು ಹೆದರಿಸಿತಲ್ಲ ಎಂಬ ಅವಮಾನವೂ ಇತ್ತು, ಸುಳ್ಳು ಯಾಕೆ ಹೇಳಲಿ. ಆ ವಾರವೇ ನಡುವಿನ ಕೋಡ್‌ನಲ್ಲಿ ಬದಲಾಯಿಸಿದೆ: ಸೊನ್ನೆ ಬಿಟ್ಟು ಏನು ಬಂದರೂ ಸುಮ್ಮನಿರು, ಪರದೆಯಲ್ಲಿ ಇದ್ದದ್ದನ್ನೇ ತೋರಿಸುತ್ತಿರು. ಪಕ್ಕದಲ್ಲಿ "ಆಮೇಲೆ ನೋಡೋಣ" ಎಂದು ಟಿಪ್ಪಣಿ ಬರೆದುಕೊಂಡೆ.

ಗೆಳತಿಗೆ ಅದು ಹಿಡಿಸಲಿಲ್ಲ.

"ಅಪ್ಪಗ ತೋರಸಬ್ಯಾಡ. ಆದ್ರ ನಮಗರ ತಿಳೀಬೇಕಲ್ಲ. ತಪ್ಪಾದಾಗೊಮ್ಮೆ ಒಂದು ಕಡೆ ಬರದಿಡೂ ಹಂಗ ಮಾಡು."

"ಮಾಡತೇನಿ ಬಿಡಲೇ."

ಮುಂದಿನ ಭಾನುವಾರ ಅವಳು ಮತ್ತೆ ಕೇಳಿದಳು. "ಮಾಡಿದೇನ?"

"ಹ್ಞೂಂ, ಮಾಡೀನಿ."

ಮಾಡಿರಲಿಲ್ಲ. ಆ ವಾರ ನಾನು ಬೇರೆ ಮಹತ್ಕಾರ್ಯದಲ್ಲಿ ಮುಳುಗಿದ್ದೆ. ನಕ್ಷೆಗಳಿಗೆ ಕಾಕಾ ತಮ್ಮದೇ ಹೆಸರಿಡಲಿ ಎಂದು ಪರದೆಯ ಮೇಲೆ ಕನ್ನಡ ವರ್ಣಮಾಲೆ ಜೋಡಿಸುತ್ತಿದ್ದೆ, ಒಂದೊಂದೇ ಅಕ್ಷರ ಒತ್ತಿದರೆ ಹೆಸರಾಗುವ ಹಾಗೆ. ಹೆಸರಿನ ಮೇಲೆ ನಕ್ಷೆಯ ಪುಟ್ಟ ಚಿತ್ರವನ್ನೂ ಕೂರಿಸಿದೆ. ಆ ಪಟ್ಟಿ ಮತ್ತು ಪುಟ್ಟ ಚಿತ್ರಗಳು ನನ್ನ ಕಡೆಯೇ ಉಳಿಯುತ್ತಿದ್ದವು, ಅವಳ ಎಂಜಿನ್ನಿಗೆ ಅವುಗಳ ಸುದ್ದಿ ಬೇಕಿರಲಿಲ್ಲ.

ಕಾಕಾ ಈ ಸಲ ಹೆದರಲಿಲ್ಲ. ತ, ತೊ, ಟ ಎಂದು ಹುಡುಕಿ ಒತ್ತಿ ಮೊದಲ ಹೆಸರು ಬರೆದರು: ತೊಟ್ಟಲಾ. ಮಗಳು ಹುಟ್ಟಿದ ತಿಂಗಳು ಬರೆದ ದಡಿ ಅದು. ನೇಯುವ ಮೊದಲೇ ಅದನ್ನು ಬರೆಸಿದ ವ್ಯಾಪಾರಿ ಬೇಡವೆಂದಿದ್ದರಿಂದ ಕಾಗದದಲ್ಲೇ ಉಳಿದಿತ್ತು. ಗೆಳತಿ ಅದನ್ನು ಬಟ್ಟೆಯ ಮೇಲೆ ಒಮ್ಮೆಯೂ ನೋಡಿರಲಿಲ್ಲ.

"ಎಲ್ಲಾ ಮುಗದ ಮ್ಯಾಲ ಇದನ್ನ ನೇಸೂಣು," ಎಂದಳು. ಅವಳು ನಕ್ಕದ್ದು ನನಗೆ ಈಗಲೂ ನೆನಪಿದೆ.

ಲ್ಯಾಪ್‌ಟಾಪ್ ಮತ್ತು ಸ್ಕ್ಯಾನರನ್ನು ರಾಮದುರ್ಗದ ಮನೆಯಲ್ಲೇ ಬಿಟ್ಟೆವು. ಮಳೆಗಾಲ ಪೂರ್ತಿ ಕಾಕಾ ಎರಡು ದಿನಕ್ಕೊಂದು ನಕ್ಷೆ ಒಳಗೆ ಹಾಕಿದರು. ಕಾಗದ ಇಟ್ಟು, ಪರದೆಯಲ್ಲಿ ಮೂಡಿದ ಮನೆಗಳನ್ನು ಒಂದೊಂದಾಗಿ ಎಣಿಸಿ, ಗೆದ್ದಲು ತಿಂದಲ್ಲಿ ನೆನಪಿನಿಂದ ತುಂಬಿ, ಹೆಸರು ಕೊಟ್ಟು, ಉಳಿಸು ಗುಂಡಿ ಒತ್ತುತ್ತಿದ್ದರು. ಪಟ್ಟಿಯಲ್ಲಿ ಹೊಸ ಚಿತ್ರ ಬಂದು ಕೂರುತ್ತಿತ್ತು. ಮುಗಿದದ್ದನ್ನು ಮತ್ತೆ ತೆರೆದು ನೋಡುವ ಚಟ ಅವರಿಗಿರಲಿಲ್ಲ. ಕೆಂಪು ಡಬ್ಬಿ ಒಮ್ಮೆಯೂ ಬರಲಿಲ್ಲ.

ಬರಬೇಕಾಗಿತ್ತು. ಅರವತ್ತೊಂದು ಸಲ ಬರಬೇಕಾಗಿತ್ತು. ನಾವಿಬ್ಬರೂ ಪರೀಕ್ಷೆ ಮಾಡುವಾಗ ಕಡತಕ್ಕೆ ಟೆಸ್ಟ್ ಒಂದು, ಟೆಸ್ಟ್ ಎರಡು ಎಂದು ಇಂಗ್ಲಿಷಿನಲ್ಲಿ ಹೆಸರಿಟ್ಟಿದ್ದೆವು. ಎಲ್ಲ ಸರಿಯಾಗಿ ನಡೆದಿತ್ತು. ಕಾಕಾನ ಹೆಸರುಗಳು ಕನ್ನಡದವು. ನನ್ನ ಪೈಥಾನಿಗೆ ಕನ್ನಡ ಗೊತ್ತು. ಅದನ್ನು ಅವಳ ಕಡೆಗೆ ದಾಟಿಸಲು ನಾನು ಬರೆದ ಸಾಲಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಪ್ರತಿ ಅಕ್ಷರದ ಜಾಗದಲ್ಲೂ ಅದು ಒಂದು ಪ್ರಶ್ನೆ ಚಿಹ್ನೆ ಇಟ್ಟು ಕಳಿಸಿತು. ಹೆಸರಿನಲ್ಲಿ ಪ್ರಶ್ನೆ ಚಿಹ್ನೆ ಇರುವ ಕಡತವನ್ನು ಆ ಕಂಪ್ಯೂಟರ್ ತೆರೆಯುವುದಿಲ್ಲ. ಅವಳ ಎಂಜಿನ್ನು ತೆರೆಯಲು ನೋಡಿತು, ಆಗಲಿಲ್ಲ, ಆಗಲಿಲ್ಲವೆಂದು ಅಂಕಿ ಕಳಿಸಿತು. ನಾನು ಕೂರಿಸಿದ್ದ ಸಾಲು ಅದರ ಬಾಯಿ ಮುಚ್ಚಿಸಿತು. ಅಷ್ಟಾದ ಮೇಲೆ ನನ್ನ ಅಚ್ಚುಕಟ್ಟಿನ ಪ್ರೋಗ್ರಾಮು ಸ್ಕ್ಯಾನ್ ಚಿತ್ರವನ್ನು ಅಳಿಸಿ ಕೈ ತೊಳೆದುಕೊಂಡಿತು.

ಮಹಾನವಮಿಗೆ ಮುಂಚಿನ ಒಂದು ಮಧ್ಯಾಹ್ನ ನಾನು ಕಿತ್ತೂರಿನ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಕಾಕಾನ ಫೋನ್ ಬಂತು.

"ಯವ್ವಾ, ಎಲ್ಲಾ ಮುಗೀತು ನೋಡು. ಅರವತ್ತೊಂದು. ಒಳಗ ಗಟ್ಟಿ ಕುಂತಾವಲ್ಲ?"

"ಕುಂತಾವ್ರಿ ಕಾಕಾ."

"ಹಂಗಂದ್ರ ಕಾಗದಾ ಇನ್ನ ಬೇಕಾಗೂದಿಲ್ಲಲ್ಲ?"

ಬೈಲಹೊಂಗಲದ ಬಸ್ಸು ಬಂದು ನಿಂತಿತ್ತು, ಜನ ನುಗ್ಗುತ್ತಿದ್ದರು. "ಏನ ಬೇಕಾಗತಾವ್ರಿ, ಬಿಡ್ರಿ" ಎಂದು ಹೇಳಿ ಬಸ್ಸು ಹತ್ತಿದೆ. ಸೀಟು ಸಿಕ್ಕಿತು. ಆ ಸೀಟನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಆ ಮನೆಯಲ್ಲಿ ಬರೆದ ನಕ್ಷೆಯನ್ನು ರದ್ದಿಗೆ ಹಾಕುವುದಿಲ್ಲ, ಒಲೆಗೂ ಹಾಕುವುದಿಲ್ಲ. ಕಾಲಿಗೆ ತಾಗಬಾರದು, ಬೇರೆಯವರ ಕೈಗೂ ಹೋಗಬಾರದು. ಕೆಲಸ ಮುಗಿದ ಕಾಗದವನ್ನು ದೇವರ ಹಳೆಯ ಪಟಗಳನ್ನು ಬಿಡುವಂತೆ ಹೊಳೆಗೆ ಬಿಡುತ್ತಾರೆ. ಕಾಕಾ ಅಮಾವಾಸ್ಯೆಯ ಬೆಳಿಗ್ಗೆ ಸ್ನಾನ ಮಾಡಿ, ಅರವತ್ತೊಂದು ಕಾಗದಗಳನ್ನು ಹಳದಿ ವಸ್ತ್ರದಲ್ಲಿ ಕಟ್ಟಿ, ಕಾಯಿ ಒಡೆದು ಮಲಪ್ರಭೆಯಲ್ಲಿ ಬಿಟ್ಟು ಬಂದರು. ಆ ವರ್ಷ ಹೊಳೆ ತುಂಬಿ ಹರಿಯುತ್ತಿತ್ತು. ಮಗಳಿಗೆ ಅದು ಸಂಜೆ ಗೊತ್ತಾಯಿತು. ಅವಳೂ ಗಾಬರಿಯಾಗಲಿಲ್ಲ, ಎಲ್ಲ ಒಳಗೆ ಗಟ್ಟಿಯಾಗಿ ಕೂತಿವೆಯೆಂದು ನಾನು ಹೇಳಿದ್ದೆನಲ್ಲ.

ಹಬ್ಬ ಕಳೆದ ಮೇಲೆ ಅವಳು ತೊಟ್ಟಲಾ ನೇಯಿಸಲು ಹೊರಟಳು. ಪಟ್ಟಿಯಲ್ಲಿ ಅದರ ಮೇಲೆ ಒತ್ತಿದಳು. ಖಾಲಿ ಚೌಕುಳಿಗಳು ಬಂದವು. ಹುಣಸಿ ಹೂ ಒತ್ತಿದಳು, ಖಾಲಿ. ಕಡತಗಳಿರುವ ಜಾಗಕ್ಕೇ ಹೋಗಿ ನೋಡಿದಳು. ಅಲ್ಲಿ ಎರಡೇ ಇದ್ದವು, ಟೆಸ್ಟ್ ಒಂದು ಮತ್ತು ಟೆಸ್ಟ್ ಎರಡು.

ನಾನು ಕೆಲಸ ಬಿಟ್ಟು ಓಡಿದೆ. ಅವಳು ಸವದತ್ತಿಯ ಕೋಣೆಗೆ ಲ್ಯಾಪ್‌ಟಾಪ್ ತಂದಿದ್ದಳು, ಅಪ್ಪನ ಎದುರು ತೆರೆಯುವ ಧೈರ್ಯ ಅವಳಿಗಿರಲಿಲ್ಲ. ನನ್ನ ನಡುವಿನ ಕೋಡ್ ತೆರೆದು ಕೂತಿದ್ದಳು. ಪರದೆಯಲ್ಲಿ ನನ್ನದೇ ಟಿಪ್ಪಣಿ: ಆಮೇಲೆ ನೋಡೋಣ. ತನ್ನ ಉಪಯೋಗಕ್ಕೆಂದು ಎಂಜಿನ್ನಿನ ಒಳಗೆ ಅವಳು ಒಂದು ಸಣ್ಣ ದಾಖಲೆ ಕಡತ ಇಟ್ಟುಕೊಂಡಿದ್ದಳು, ಅದನ್ನು ತೆರೆದು ನನ್ನ ಕಡೆ ತಿರುಗಿಸಿದಳು. ಸಾಲಿನ ಮೇಲೆ ಸಾಲು, ಅರವತ್ತೊಂದು ಸಾಲು, ಎಲ್ಲದರಲ್ಲೂ ಒಂದೇ ಮಾತು: ತೆರೆಯಲಾಗಲಿಲ್ಲ.

"ನೋಡು. ಅದು ಪ್ರತಿ ಸಲಾನೂ ಹೇಳೇತಿ," ಎಂದಳು. ಮತ್ತೆ, "ನಾ ಯಾಕ ನೋಡಲಿಲ್ಲ ಅಂದ್ರ, ನೀ ಮಾಡೀನಿ ಅಂದಿದ್ದಿ."

ನಾನು ಆ ಅರವತ್ತೊಂದು ಸಾಲುಗಳನ್ನು ಮೊದಲಿನಿಂದ ಕೊನೆಯ ತನಕ ಓದಿದೆ.

ಆಮೇಲೆ ಏನೇನು ಮಾಡಿದೆವೋ. ಅಳಿಸಿದ್ದನ್ನು ಮರಳಿ ತೆಗೆಯುವವರಿದ್ದಾರೆಂದು ಬೆಳಗಾವಿಗೆ ಒಯ್ದೆ. ಒಂದು ಅಳಿಸಿದ ಜಾಗದಲ್ಲೇ ಇನ್ನೊಂದು ಬಂದು ಕೂತು, ಅದೂ ಅಳಿದು, ಏನೂ ಸಿಗಲಿಲ್ಲ. ಅವಳು ರಾಮದುರ್ಗದ ಓಣಿ ಓಣಿ ತಿರುಗಿದಳು, ಕಟಕೋಳಕ್ಕೂ ಹೋಗಿಬಂದಳು, ಕಾಕಾನ ದಡಿಯ ಹಳೆಯ ಸೀರೆ ಯಾರ ಹತ್ತಿರವಾದರೂ ಇದೆಯೇ ಎಂದು. ನಾಲ್ಕು ಸಿಕ್ಕವು. ಎರಡು ಹರಿದು ಕೌದಿಯ ಹೊಲಿಗೆಯಲ್ಲಿ ಸೇರಿಹೋಗಿದ್ದವು, ಎರಡರ ದಡಿ ಸವೆದು ಎಳೆ ಎಣಿಸಲು ಬರುವಂತಿರಲಿಲ್ಲ. ತೊಟ್ಟಲಾ ಅಂತೂ ಬಟ್ಟೆಯ ಮೇಲೆ ಬಂದದ್ದೇ ಅಲ್ಲ.

ಕೊನೆಗೆ ಕಾಕಾನಿಗೆ ಹೇಳಲೇಬೇಕಾಯಿತು. ಹೇಳುವವಳು ನಾನೇ ಆಗಬೇಕೆಂದು ರಾಮದುರ್ಗಕ್ಕೆ ಹೋದೆ. ಅವರ ಎದುರು ಕೂತು ಎಲ್ಲವನ್ನೂ ಹೇಳಿದೆ, ಕೆಂಪು ಡಬ್ಬಿಯನ್ನು ಯಾಕೆ ಮುಚ್ಚಿಟ್ಟೆ ಎಂಬುದನ್ನೂ ಹೇಳಿದೆ, ಹೇಳುತ್ತ ಅತ್ತುಬಿಟ್ಟೆ. ಅವರು ಪುಟ್ಟ ಚಿತ್ರಗಳ ಪಟ್ಟಿಯನ್ನು ನೋಡುತ್ತ ಕೂತಿದ್ದರು. ಚೌಕುಳಿ ಕಾಗದ ತರಿಸಿ, ನಡುಗುವ ಕೈಯಲ್ಲಿ ತೊಟ್ಟಲಾ ಬರೆಯಲು ನೋಡಿದರು. ಒಂಬತ್ತು ಸಾಲು ಬರೆದರು. ಹತ್ತನೆಯ ಸಾಲಿನಲ್ಲಿ ಯಾವ ಮನಿ ತುಂಬಬೇಕೆಂದು ನೆನಪಾಗದೆ ಪೆನ್ಸಿಲು ಕೆಳಗಿಟ್ಟರು.

"ಅಂಜಿಸಬೇಕಾಗಿತ್ತವಾ ನೀ ನನ್ನ. ಅಂಜತಿದ್ದೆ, ಎದ್ದು ಹೋಗತಿದ್ದೆ. ಕಾಗದಾ ಟ್ರಂಕಿನ್ಯಾಗ ಇರತಿದ್ದವು," ಎಂದರು. ಮೆತ್ತಗೆ ಹೇಳಿದರು, ನನಗೆ ನೋವಾಗದ ಹಾಗೆ. ಅದು ಇನ್ನೂ ಕೆಟ್ಟದಾಗಿತ್ತು.

ಊಟಕ್ಕೆ ಏಳು ಎಂದು ಅವರೇ ಕರೆದರು. ಗೆಳತಿ ನನ್ನ ಮುಂದೆ ತಾಟು ಇಟ್ಟು ಒಳಗೆ ಹೋದಳು. ಉಣ್ಣಲೇ ಎಂದು ಅನ್ನಲಿಲ್ಲ. ತಾಟಿನಲ್ಲಿ ಬಿಡಬಾರದೆಂದು ಅಷ್ಟನ್ನೂ ಉಂಡೆ.

ಅಂದಿನಿಂದ ಅವಳು ನನ್ನ ಫೋನ್ ಎತ್ತಲಿಲ್ಲ. ಭಾನುವಾರಗಳು ಬೈಲಹೊಂಗಲದಲ್ಲೇ ಕಳೆದವು. ಕೆಲವು ಸಲ ಬಸ್ ನಿಲ್ದಾಣದ ತನಕ ಹೋಗಿ ಸವದತ್ತಿಯ ಬಸ್ಸು ಹೊರಡುವುದನ್ನು ನೋಡಿ ಬಂದಿದ್ದೇನೆ, ಹುಚ್ಚಿಯ ಹಾಗೆ.

ಈ ಸಲದ ಬೇಸಿಗೆಯಲ್ಲಿ ಕಾಲೇಜಿಗೆ ಒಂದು ಪಾರ್ಸೆಲ್ ಬಂತು. ರಾಮದುರ್ಗದಿಂದ. ಒಳಗೆ ಒಂದು ಸೀರೆ, ಚೀಟಿ ಗೀಟಿ ಏನೂ ಇಲ್ಲ. ದಡಿ ಬಿಚ್ಚಿ ನೋಡಿದೆ. ಉದ್ದಕ್ಕೂ ಒಂದು ಹಕ್ಕಿ. ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡ, ಕೊಕ್ಕು ಬಾಗಿಲ ಚಿಲಕದ ಹಾಗೆ ನೆಟ್ಟಗೆ. ಎಲ್ಲೋ ನೋಡಿದ್ದೇನೆ ಅನ್ನಿಸಿತು. ಆಮೇಲೆ ತಿಳಿಯಿತು. ಸವದತ್ತಿಯ ಕೋಣೆಯಲ್ಲಿ ಪ್ರೋಗ್ರಾಮು ಕೆಲಸ ಮಾಡುತ್ತದೆಯೇ ನೋಡಲು ಎರಡು ನಿಮಿಷದಲ್ಲಿ ಮೌಸಿನಿಂದ ನಾನು ಗೀಚಿದ್ದ ಹಕ್ಕಿ ಅದು. ಟೆಸ್ಟ್ ಒಂದು.

ಕೂಡಲೇ ಅವಳಿಗೆ ಫೋನ್ ಮಾಡಿದೆ. ಈ ಸಲ ಎತ್ತಿದಳು.

"ಸೀರಿ ಮುಟ್ಟೇತಿ," ಎಂದೆ.

"ಅಪ್ಪ ಕಳಿಸಂದ. ಒಳಗ ಉಳದದ್ರಾಗ ಚಿತ್ರ ಅಂತ ಇದೊಂದ ಐತಿ, ಇದನ್ನರ ನೇಸೂಣು ಅಂದ. ಓಣ್ಯಾಗಿನವರೊಬ್ಬರ ಮಗ್ಗದಾಗ ತಾನ ಬಾಜೂಕ ಕುಂತು ನೇಸಿದ."

"ಕಾಲು ಸೊಟ್ಟ ಐತಲ್ಲಲೇ. ತಿದ್ದಬೇಕಿಲ್ಲ?"

"ನಾನೂ ತಿದ್ದೂಣು ಅಂದೆ. ಬ್ಯಾಡ ಅಂದ. ಅದು ಅಕಿ ಕೈ, ಹಂಗ ಇರಲಿ ಅಂದ. ನಿನ್ನ ಕೈ ಉಳೀತು ನೋಡು. ನಮ್ಮಪ್ಪಂದು ಎಲ್ಲೂ ಉಳೀಲಿಲ್ಲ."

ಫೋನ್ ಇಟ್ಟಳು. ಸೀರೆಯನ್ನು ಮಡಿಕೆ ಬಿದ್ದಲ್ಲೇ ಮತ್ತೆ ಮಡಚಿ, ಬಂದ ಕಾಗದದಲ್ಲೇ ಸುತ್ತಿ ಇಟ್ಟಿದ್ದೇನೆ. ಇನ್ನೂ ಉಟ್ಟಿಲ್ಲ.